ನಾಮಪದದ ಬಗೆಯನ್ನು ಗುರುತಿಸುವುದು ಹೇಗೆ? ಹೈದರಾಬಾದಿನ ಮೂರು ವ್ಯಾಕರಣಗಳ ನೆಲೆಯಿಂದ ಒಂದು ಟಿಪ್ಪಣಿ

1. ಪ್ರಶ್ನೆ

ಇಂಗ್ಲಿಷಿನಲ್ಲಿ ನಾಮಪದಗಳು ಐದು ಬಗೆ ಎಂದು ನಮ್ಮ ಶಾಲೆಗಳಲ್ಲಿ ಹೇಳಿಕೊಡುವುದು ರೂಢಿ: ಪ್ರಾಪರ್, ಕಾಮನ್, ಕಲೆಕ್ಟಿವ್, ಮೆಟೀರಿಯಲ್, ಆಬ್‌ಸ್ಟ್ರ್ಯಾಕ್ಟ್. ಒಂದೊಂದಕ್ಕೂ ಒಂದು ವಾಕ್ಯದ ಲಕ್ಷಣ, ಐದಾರು ಉದಾಹರಣೆ. ಪರೀಕ್ಷೆಯಲ್ಲಿ ಅಡಿಗೆರೆ ಎಳೆದ ಪದ ಯಾವ ಬಗೆಯದೆಂದು ಬರೆದರೆ ಅಂಕ ಸಿಗುತ್ತದೆ. ಅಲ್ಲಿ ತಪ್ಪಿಲ್ಲದೆ ಉತ್ತರಿಸಿದ ವಿದ್ಯಾರ್ಥಿಯೇ ಅದೇ ಪತ್ರಿಕೆಯ ಪ್ರಬಂಧದಲ್ಲಿ ‘ಫರ್ನಿಚರ್ಸ್’, ‘ಅಡ್ವೈಸಸ್’, ‘ಇನ್ಫರ್ಮೇಶನ್ಸ್’ ಎಂದು ಬರೆಯುವುದೂ ಅಷ್ಟೇ ರೂಢಿ. ಲಕ್ಷಣ ಬಾಯಿಗೆ ಬಂದಿದೆ, ಪ್ರಯೋಗ ಕೈಗೆ ಬಂದಿಲ್ಲ.

ಈ ಅಂತರಕ್ಕೆ ವಿದ್ಯಾರ್ಥಿಯ ಅಜಾಗರೂಕತೆಯೊಂದೇ ಕಾರಣವೇ, ಅಥವಾ ವರ್ಗೀಕರಣದಲ್ಲೇ ಏನೋ ಕೊರತೆಯಿದೆಯೇ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಅದನ್ನು ಹೈದರಾಬಾದಿನ ಕನ್ನಡಿಗರ ನೆಲೆಯಿಂದ ನೋಡಲು ಕಾರಣವಿದೆ. ನಾಮಪದವನ್ನು ವಿಂಗಡಿಸುವ ಮೂರು ಬೇರೆ ಬೇರೆ ವ್ಯಾಕರಣ ಪರಂಪರೆಗಳು, ಅಂದರೆ ಕನ್ನಡದ್ದು, ಉರ್ದುವಿನದು ಮತ್ತು ಇಂಗ್ಲಿಷಿನದು, ಒಬ್ಬನೇ ವಿದ್ಯಾರ್ಥಿಯ ಪಾಠಪುಸ್ತಕಗಳಲ್ಲಿ ಎದುರುಬದುರಾದ ಊರು ಇದು. ಬೀದಿಯಲ್ಲಿ ತೆಲುಗು ಮತ್ತು ದಖನಿ ಬೇರೆ. ಒಂದೇ ಪರಂಪರೆಯೊಳಗೆ ನಿಂತವರಿಗೆ ಸಹಜವೆನಿಸುವ ವಿಂಗಡಣೆ ಇಲ್ಲಿ ಹಲವು ಆಯ್ಕೆಗಳಲ್ಲಿ ಒಂದಾಗಿ ಕಾಣುತ್ತದೆ.

2. ಐದು ಬಗೆಗಳ ಹಿನ್ನೆಲೆ

ಈ ಐದರ ಲೆಕ್ಕ ಇಂಗ್ಲಿಷಿನಷ್ಟು ಹಳೆಯದಲ್ಲ. 1795ರಲ್ಲಿ ಪ್ರಕಟವಾಗಿ ದೀರ್ಘಕಾಲ ಶಾಲೆಗಳನ್ನು ಆಳಿದ ಲಿಂಡ್ಲೆ ಮರೆಯವರ ವ್ಯಾಕರಣದಲ್ಲಿ ಮುಖ್ಯ ವಿಭಾಗ ಎರಡೇ: ಪ್ರಾಪರ್ ಮತ್ತು ಕಾಮನ್. ಭಾರತದಲ್ಲಿ ಐದು ಬಗೆಗಳನ್ನು ಮನೆಮಾತಾಗಿಸಿದವು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬಂದ ಜೆ. ಸಿ. ನೆಸ್‌ಫೀಲ್ಡ್ ಅವರ ವ್ಯಾಕರಣ ಪುಸ್ತಕಗಳು. ನೆಸ್‌ಫೀಲ್ಡ್ ಉತ್ತರ ಭಾರತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವರು. ಇಲ್ಲಿನ ವಿದ್ಯಾರ್ಥಿಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದವರು. ಮುಂದೆ 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕ ಆ ಜಾಗವನ್ನು ಹಿಡಿಯಿತು. ಮುಂಬೈ ಪ್ರಾಂತದ ಶಿಕ್ಷಣ ಸೇವೆಯಲ್ಲಿದ್ದ ಪಿ. ಸಿ. ರೆನ್ ‘ಬೋ ಜೆಸ್ಟ್’ ಕಾದಂಬರಿಯ ಕರ್ತೃವೂ ಹೌದು. ಈ ಪುಸ್ತಕವನ್ನು ಎನ್. ಡಿ. ವಿ. ಪ್ರಸಾದ ರಾವ್ ಪರಿಷ್ಕರಿಸಿದರು. ಪರಿಷ್ಕೃತ ಆವೃತ್ತಿಗಳಲ್ಲಿ ಹಳೆಯ ಬಗೆಗಳ ಜೊತೆಗೆ ಎಣಿಸಬಹುದಾದ ಮತ್ತು ಎಣಿಸಲಾಗದ ನಾಮಪದಗಳೆಂಬ ಇನ್ನೊಂದು ವಿಂಗಡಣೆಯೂ ಇದೆ. ಎರಡಕ್ಕೂ ಇರುವ ಸಂಬಂಧವೇನು ಎಂಬುದು ಮಾತ್ರ ತರಗತಿಯಲ್ಲಿ ಹೆಚ್ಚಾಗಿ ಚರ್ಚೆಗೆ ಬರುವುದಿಲ್ಲ.

ಈ ಎರಡನೆಯ ವಿಂಗಡಣೆಗೆ ಬೇರೆಯೇ ಚರಿತ್ರೆಯಿದೆ. ಡೆನ್ಮಾರ್ಕಿನ ಒಟ್ಟೊ ಯೆಸ್ಪರ್‌ಸನ್ 1924ರ ‘ವ್ಯಾಕರಣದ ತತ್ತ್ವಶಾಸ್ತ್ರ’ ಎಂಬ ಕೃತಿಯಲ್ಲಿ ಎಣಿಕೆಗೆ ಸಿಗುವ ಪದಗಳನ್ನೂ ರಾಶಿಯಾಗಿ ತೋರುವ ಪದಗಳನ್ನೂ ಬೇರೆ ಮಾಡಿದರು. ಬೆಣ್ಣೆ, ನೀರಿನಂಥ ವಸ್ತುಗಳಷ್ಟೇ ಅಲ್ಲ, ಸಂಗೀತ, ಬಿಡುವು, ಜ್ಞಾನದಂಥ ಅಮೂರ್ತಗಳೂ ರಾಶಿಪದಗಳ ಕಡೆಗೇ ಸೇರುತ್ತವೆ ಎಂಬುದು ಅವರ ಮುಖ್ಯ ಕಾಣ್ಕೆ. ಅಂದರೆ ಮೆಟೀರಿಯಲ್ ಮತ್ತು ಆಬ್‌ಸ್ಟ್ರ್ಯಾಕ್ಟ್ ಎಂಬ ಗೋಡೆಯನ್ನು ವಾಕ್ಯರಚನೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು 1942ರಲ್ಲಿ ಟೋಕಿಯೊದಲ್ಲಿ ಪ್ರಕಟಿಸಿದ ನಿಘಂಟು ನಾಮಪದಗಳ ಪಕ್ಕದಲ್ಲಿ ಎಣಿಕೆಯ ಗುರುತು ಹಾಕಿತು. ಮುಂದೆ ಆಕ್ಸ್‌ಫರ್ಡಿನವರು ಹೊರತಂದ, ಇಂದಿಗೂ ಕಲಿಯುವವರ ಮೇಜಿನ ಮೇಲಿರುವ ನಿಘಂಟು ಅದರದೇ ಮುಂದುವರಿಕೆ. ಎಣಿಸಬಹುದಾದದ್ದು, ಎಣಿಸಲಾಗದ್ದು ಎಂದು ತೋರಿಸುವ ಆ ಪುಟ್ಟ ‘ಸಿ’ ಮತ್ತು ‘ಯು’ ಗುರುತುಗಳು ಹುಟ್ಟಿದ್ದೇ ತಾಯ್ನುಡಿಯಾಗಿ ಇಂಗ್ಲಿಷ್ ಇಲ್ಲದವರ ಕಷ್ಟದಿಂದ.

3. ಹೈದರಾಬಾದಿನ ವಿದ್ಯಾರ್ಥಿ ಕಂಡ ಮೂರು ಪಟ್ಟಿಗಳು

ನಿಜಾಮರ ಸಂಸ್ಥಾನದಲ್ಲಿ ಬೀದರ, ಕಲಬುರಗಿ, ರಾಯಚೂರು ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾಗುವವರೆಗೂ ಈ ಜಿಲ್ಲೆಗಳ ರಾಜಧಾನಿ ಹೈದರಾಬಾದೇ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಆಗ ಬೋಧನೆಯ ಭಾಷೆ ಉರ್ದುವಾಗಿತ್ತು. ಇಂಗ್ಲಿಷ್ ಕಡ್ಡಾಯ ವಿಷಯವಾಗಿತ್ತು. ಉರ್ದು ಪಠ್ಯಗಳಿಗಾಗಿ 1917ರಲ್ಲೇ ಅನುವಾದ ಸಂಸ್ಥೆ ಆರಂಭವಾಗಿತ್ತು. ಅದರ ಮೊದಲ ಮುಖ್ಯಸ್ಥರಾದ ಮೌಲ್ವಿ ಅಬ್ದುಲ್ ಹಕ್ ‘ಕವಾಯದೆ ಉರ್ದು’ ಎಂಬ ವ್ಯಾಕರಣವನ್ನೂ ಬರೆದವರು. ಹೀಗಾಗಿ ಕಲಬುರಗಿಯಿಂದ ಓದಲು ಬಂದ ಕನ್ನಡ ಹುಡುಗನೊಬ್ಬನಿಗೆ ನಾಮಪದದ ಮೂರು ಪಟ್ಟಿಗಳು ಎದುರಾಗುವ ಪರಿಸ್ಥಿತಿಯಿತ್ತು. ಅವುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

ಕನ್ನಡದ ಶಾಲಾ ವ್ಯಾಕರಣದಲ್ಲಿ ವಸ್ತುವಾಚಕಗಳು ಮೂರು: ರೂಢನಾಮ, ಅಂಕಿತನಾಮ, ಅನ್ವರ್ಥನಾಮ. ನದಿ, ಊರು, ಮರ ರೂಢನಾಮಗಳು. ಮೂಸಿ, ಬೀದರ, ಬಸವಣ್ಣ ಅಂಕಿತನಾಮಗಳು. ವ್ಯಾಪಾರಿ, ವಿದ್ವಾಂಸ, ಕುಂಟ ಎಂಬಂತೆ ಕಸುಬನ್ನೋ ಗುಣವನ್ನೋ ಹಿಡಿದು ಹುಟ್ಟಿದವು ಅನ್ವರ್ಥನಾಮಗಳು. ಇವಲ್ಲದೆ ಗುಣವಾಚಕ, ಸಂಖ್ಯಾವಾಚಕ, ಸಂಖ್ಯೇಯವಾಚಕ, ಪರಿಮಾಣವಾಚಕ, ದಿಗ್ವಾಚಕ, ಭಾವನಾಮ, ಸರ್ವನಾಮಗಳೂ ನಾಮಪದದ ಅಡಿಯಲ್ಲೇ ಬರುತ್ತವೆ. ವಿಭಕ್ತಿಪ್ರತ್ಯಯ ಹತ್ತುವುದೆಲ್ಲ ನಾಮಪ್ರಕೃತಿ ಎಂಬುದು ಈ ವಿಶಾಲ ವಿಂಗಡಣೆಯ ಹಿಂದಿರುವ ತರ್ಕ. ಭಾವನಾಮವನ್ನು ಕೂಡ ಅದರ ರಚನೆಯಿಂದಲೇ ಹಿಡಿಯುತ್ತಾರೆ: ‘ಓಡು’ ಧಾತುವಿನಿಂದ ಓಟ, ‘ನೋಡು’ ಧಾತುವಿನಿಂದ ನೋಟ, ‘ಹಿರಿದು’ ಎಂಬುದರಿಂದ ಹಿರಿಮೆ.

ಉರ್ದು ವ್ಯಾಕರಣ ಅರಬ್ಬಿ, ಪಾರಸಿ ಪರಂಪರೆಯಿಂದ ಬಂದದ್ದು. ಅಲ್ಲಿ ನಾಮಪದಕ್ಕೆ ‘ಇಸ್ಮ್’ ಎಂದು ಹೆಸರು; ‘ಇಸ್ಮೆ ಖಾಸ್’ ಮತ್ತು ‘ಇಸ್ಮೆ ಆಮ್’ ಅದರ ಎರಡು ಕವಲುಗಳು. ಮೊದಲನೆಯದರಲ್ಲಿ ಖಿತಾಬ್, ಲಕಬ್, ತಖಲ್ಲುಸ್, ಕುನ್ನಿಯತ್, ಉರ್ಫ್ ಎಂಬ ಒಳಭೇದಗಳಿವೆ. ಸರ್ಕಾರ ಕೊಟ್ಟ ಬಿರುದು, ಗುಣದಿಂದ ಬಂದ ಹೆಸರು, ಕವಿಯ ಕಾವ್ಯನಾಮ, ತಂದೆ ಅಥವಾ ಮಗನ ಸಂಬಂಧದಿಂದ ಕರೆಯುವ ಹೆಸರು, ರೂಢಿಯ ಅಡ್ಡಹೆಸರು ಇವೆಲ್ಲ ಬೇರೆ ಬೇರೆ. ಆಸ್ಥಾನವಿದ್ದ ಊರಿಗೆ ಇದು ಒಪ್ಪುವ ವಿಂಗಡಣೆಯೇ. ಸಾಲಾರ್ ಜಂಗ್ ಎಂಬುದು ಖಿತಾಬು. ಹೈದರಾಬಾದಿನ ಮೂವರು ದಿವಾನರು ಅದೇ ಬಿರುದಿನಿಂದ ಪ್ರಸಿದ್ಧರು. ಇಂಗ್ಲಿಷ್ ಪಟ್ಟಿಗೆ ಇದು ಬರಿಯ ಪ್ರಾಪರ್ ನೌನ್. ‘ಇಸ್ಮೆ ಆಮ್’ ಕವಲಿನಲ್ಲಿ ಗುಂಪಿನ ಹೆಸರಿಗೆ ‘ಇಸ್ಮೆ ಜಮಾ’, ಸ್ಥಿತಿ ಅಥವಾ ಭಾವದ ಹೆಸರಿಗೆ ‘ಇಸ್ಮೆ ಕೈಫಿಯತ್’, ಸಲಕರಣೆಯ ಹೆಸರಿಗೆ ‘ಇಸ್ಮೆ ಆಲಾ’, ಸ್ಥಳ ಮತ್ತು ಕಾಲದ ಹೆಸರಿಗೆ ‘ಇಸ್ಮೆ ಜರ್ಫ್’ ಎಂಬ ವಿಭಾಗಗಳಿವೆ.

ಮೂರು ಪಟ್ಟಿಗಳನ್ನು ಹೋಲಿಸಿದರೆ ಒಂದು ಬಗೆ ಮಾತ್ರ ಎಲ್ಲದರಲ್ಲೂ ಹೊಂದಿಕೊಳ್ಳುತ್ತದೆ: ಅಂಕಿತನಾಮ, ಇಸ್ಮೆ ಖಾಸ್, ಪ್ರಾಪರ್ ನೌನ್. ಉಳಿದವು ಮೂರರಲ್ಲೂ ಪೂರ್ತಿಯಾಗಿ ಕೂಡಿಬರುವುದಿಲ್ಲ. ಅನ್ವರ್ಥನಾಮಕ್ಕೆ ಇಂಗ್ಲಿಷ್ ಪಟ್ಟಿಯಲ್ಲಿ ಸ್ಥಾನವಿಲ್ಲ. ಕಲೆಕ್ಟಿವ್ ಎಂಬುದಕ್ಕೆ ಕನ್ನಡ ಶಾಲಾ ವ್ಯಾಕರಣದಲ್ಲಿ ಪ್ರತ್ಯೇಕ ಹೆಸರಿಲ್ಲ. ಚಾಕುವಿಗೂ ಚಮಚಕ್ಕೂ ಉರ್ದು ಕೊಡುವ ಪ್ರತ್ಯೇಕ ವರ್ಗ ಉಳಿದ ಎರಡರಲ್ಲೂ ಇಲ್ಲ. ಜಗತ್ತಿನಲ್ಲಿರುವ ವಸ್ತುಗಳ ಸ್ವಭಾವವೇ ನಾಮಪದದ ಬಗೆಗಳನ್ನು ನಿರ್ಧರಿಸುವುದಾಗಿದ್ದರೆ ಮೂರು ಪಟ್ಟಿಗಳೂ ಹೆಚ್ಚುಕಡಿಮೆ ಒಂದೇ ಆಗಿರಬೇಕಿತ್ತು. ಒಂದೊಂದು ಪರಂಪರೆಯೂ ತನ್ನ ಭಾಷೆಯ ಪದರಚನೆಗೆ, ತನ್ನ ಸಮಾಜಕ್ಕೆ ಬೇಕಾದ ಗೆರೆಗಳನ್ನು ಎಳೆದುಕೊಂಡಿದೆ. ಹಾಗಾದರೆ ಇಂಗ್ಲಿಷ್ ವಾಕ್ಯಕ್ಕೆ ನಿಜವಾಗಿ ಬೇಕಾದ ಗೆರೆ ಯಾವುದು?

4. ಅರ್ಥದಿಂದ ಗುರುತಿಸುವುದರ ಮಿತಿ

ಚಾರ್‌ಮಿನಾರಿನ ಪಕ್ಕದ ಪತ್ತರ್‌ಗಟ್ಟಿಯ ಮುತ್ತಿನ ಅಂಗಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿನ ‘ಪರ್ಲ್’ ಎಂಬ ಪದ ಎಣಿಕೆಗೆ ಸಿಗುತ್ತದೆ: ‘ಎ ಪರ್ಲ್’, ‘ಟೆನ್ ಪರ್ಲ್ಸ್’. ಅದೇ ಮುತ್ತುಗಳನ್ನು ಪೋಣಿಸಿದ ಸರ, ಬಳೆ, ಓಲೆಗಳನ್ನು ಒಟ್ಟಾಗಿ ಹೇಳುವ ‘ಜ್ಯುವೆಲರಿ’ ಎಣಿಕೆಗೆ ಸಿಗುವುದಿಲ್ಲ. ಒಡವೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ಲೆಕ್ಕ ಹಾಕಿಯೇ ಕೊಳ್ಳುತ್ತೇವೆ. ಆದರೂ ‘ಎ ಜ್ಯುವೆಲರಿ’ ಎನ್ನುವಂತಿಲ್ಲ. ‘ಎ ಪೀಸ್ ಆಫ್ ಜ್ಯುವೆಲರಿ’ ಎನ್ನಬೇಕು. ‘ಫರ್ನಿಚರ್’ ಮತ್ತು ‘ಚೇರ್’, ‘ಲಗೇಜ್’ ಮತ್ತು ‘ಬ್ಯಾಗ್’ ಜೋಡಿಗಳದ್ದೂ ಇದೇ ಕಥೆ. ವಸ್ತು ಒಂದೇ, ಪದ ಬದಲಾದರೆ ವರ್ಗ ಬದಲಾಗುತ್ತದೆ.

ಅಮೂರ್ತ ಪದಗಳಲ್ಲೂ ಹಾಗೆಯೇ. ‘ಅಡ್ವೈಸ್’ ಎಣಿಕೆಗೆ ಸಿಗದು, ‘ಸಜೆಶನ್’ ಸಿಗುತ್ತದೆ. ‘ಇನ್ಫರ್ಮೇಶನ್’ ಸಿಗದು, ‘ಫ್ಯಾಕ್ಟ್’ ಸಿಗುತ್ತದೆ. ‘ವರ್ಕ್’ ಸಿಗದು, ‘ಜಾಬ್’ ಸಿಗುತ್ತದೆ. ಈ ಆರೂ ಪದಗಳಿಗೆ ಆಬ್‌ಸ್ಟ್ರ್ಯಾಕ್ಟ್ ಎಂಬ ಒಂದೇ ಹಣೆಪಟ್ಟಿ ಅಂಟಿಸಿದರೆ ವಿದ್ಯಾರ್ಥಿಗೆ ಬೇಕಾದ ಭೇದವೇ ಮರೆಯಾಗುತ್ತದೆ. ಧಾನ್ಯಗಳ ಸಂಗತಿ ಇನ್ನೂ ವಿಚಿತ್ರ: ಗೋಧಿಗೆ ‘ವೀಟ್’ ಏಕವಚನ, ಓಟ್ ಎಂಬ ಧಾನ್ಯಕ್ಕೆ ‘ಓಟ್ಸ್’ ಬಹುವಚನ. ಕಾಳಿನ ಗಾತ್ರದಲ್ಲಾಗಲಿ ಬಳಕೆಯಲ್ಲಾಗಲಿ ಇದಕ್ಕೆ ಕಾರಣ ಹುಡುಕಿದರೆ ಸಿಗುವುದಿಲ್ಲ. ಫ್ರೆಂಚರು ತಮ್ಮ ಭಾಷೆಯಲ್ಲಿ ಮಾಹಿತಿಯನ್ನೂ ಸಲಹೆಯನ್ನೂ ಪೀಠೋಪಕರಣವನ್ನೂ ಸರಾಗವಾಗಿ ಎಣಿಸುತ್ತಾರೆ. ಎಣಿಸಲಾಗದಿರುವುದು ಆ ವಸ್ತುವಿನ ಗುಣವಲ್ಲ, ಇಂಗ್ಲಿಷಿನ ಕಟ್ಟುಪಾಡು.

ಇನ್ನೊಂದು ತೊಡಕೂ ಇದೆ. ಎಷ್ಟೋ ಪದಗಳಿಗೆ ಒಂದೇ ವರ್ಗವಿಲ್ಲ. ಹೊಲದಲ್ಲಿ ಓಡಾಡುವ ಕೋಳಿ ‘ಎ ಚಿಕನ್’. ಬಿರಿಯಾನಿಯೊಳಗೆ ಬಿದ್ದ ಮೇಲೆ ಅದು ಬರಿಯ ‘ಚಿಕನ್’. ಹಂಡೆಯಲ್ಲಿರುವಾಗ ‘ಬಿರಿಯಾನಿ’ ಎಣಿಕೆಗೆ ಸಿಗದ ಪದ. ಹೋಟೆಲಿನ ಮೇಜಿನಲ್ಲಿ ‘ಟೂ ಬಿರಿಯಾನೀಸ್’. ಇರಾನಿ ಚಹಾದ ಅಂಗಡಿಯಲ್ಲಿ ‘ಟೂ ಟೀಸ್’ ಎಂದರೆ ಎರಡು ಕಪ್ಪು. ಚಹಾಪುಡಿಯ ವ್ಯಾಪಾರಿ ಅದನ್ನೇ ಹೇಳಿದರೆ ಎರಡು ತಳಿ. ‘ಪೇಪರ್’ ಹಾಳೆಯ ಸರಕಾದರೆ ಒಂದು ವರ್ಗ, ದಿನಪತ್ರಿಕೆಯಾದರೆ ಇನ್ನೊಂದು. ಕೀತ್ ಅಲನ್ 1980ರ ತಮ್ಮ ಲೇಖನದಲ್ಲಿ ಎಣಿಕೆಯ ಗುಣವನ್ನು ಇದೆ ಅಥವಾ ಇಲ್ಲ ಎಂದು ಎರಡಾಗಿ ಸೀಳಲಾಗದು, ಅದರಲ್ಲಿ ತರತಮಗಳಿವೆ ಎಂದು ತೋರಿಸಿದರು. 2002ರ ಕೇಂಬ್ರಿಜ್ ವ್ಯಾಕರಣದಲ್ಲಿ ಹಡಲ್‌ಸ್ಟನ್ ಮತ್ತು ಪುಲ್ಲಮ್ ಕೂಡ ಒಂದೇ ನಾಮಪದ ಎರಡು ಬಗೆಯ ಅನ್ವಯಕ್ಕೂ ಒದಗುವುದನ್ನು ಸಹಜ ಸ್ಥಿತಿಯೆಂದೇ ಪರಿಗಣಿಸುತ್ತಾರೆ. ವರ್ಗ ಸೇರಿರುವುದು ಪದಕ್ಕಿಂತ ಹೆಚ್ಚಾಗಿ ಆ ವಾಕ್ಯದಲ್ಲಿನ ಅದರ ಬಳಕೆಗೆ. ಅಡಿಗೆರೆ ಎಳೆದ ಒಂಟಿ ಪದವನ್ನು ತೋರಿಸಿ ಅದರ ಬಗೆ ಕೇಳುವ ಪ್ರಶ್ನೆ ಈ ಕಾರಣಕ್ಕೇ ದುರ್ಬಲ.

5. ಕನ್ನಡ ಎಳೆದಿರುವ ಗೆರೆ

ಕನ್ನಡಿಗರಿಗೆ ಈ ಎಣಿಕೆಯ ಗೆರೆ ಯಾಕೆ ತೊಡಕಾಗುತ್ತದೆ? ಕನ್ನಡದಲ್ಲಿ ಎಣಿಕೆಯೇ ಇಲ್ಲವೆಂದಲ್ಲ. ‘ಅಕ್ಕಿಗಳು’, ‘ನೀರುಗಳು’ ನಮಗೂ ಕಿವಿಗೆ ಹಿತವಲ್ಲ. ಹಿಡಿ ಅಕ್ಕಿ, ಸೇರು ಜೋಳ, ಚಿಟಿಕೆ ಉಪ್ಪು ಎಂದು ಅಳತೆಯ ಪದವನ್ನು ಮುಂದಿಟ್ಟೇ ಹೇಳುತ್ತೇವೆ. ಆದರೆ ವ್ಯಾಕರಣ ಕಡ್ಡಾಯ ಮಾಡುವ ದೊಡ್ಡ ಗೆರೆ ಬೇರೆ ಕಡೆಯಿದೆ. ಅದು ಮನುಷ್ಯರನ್ನೂ ಉಳಿದದ್ದನ್ನೂ ಬೇರ್ಪಡಿಸುವ ಗೆರೆ.

ಸಂಖ್ಯಾಪದಗಳಲ್ಲಿ ಇದು ಸ್ಪಷ್ಟ. ಒಬ್ಬ, ಒಬ್ಬಳು, ಇಬ್ಬರು, ಮೂವರು, ನಾಲ್ವರು ಮನುಷ್ಯರಿಗೆ. ಒಂದು, ಎರಡು, ಮೂರು ಉಳಿದವಕ್ಕೆ. ‘ಎರಡು ಶಿಕ್ಷಕರು’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ಬಹುವಚನದ ವಿಷಯದಲ್ಲೂ ಅದೇ ಗೆರೆ: ‘ಇಬ್ಬರು ಹುಡುಗರು’ ಎಂಬಲ್ಲಿ ‘ಹುಡುಗ’ ಎನ್ನುವಂತಿಲ್ಲ, ‘ಹತ್ತು ಮನೆ’ ಎಂಬಲ್ಲಿ ‘ಗಳು’ ಇಲ್ಲದಿದ್ದರೂ ನಡೆಯುತ್ತದೆ. ಕ್ರಿಯಾಪದವೂ ಸಾಕ್ಷಿ ಹೇಳುತ್ತದೆ: ಬಂದನು, ಬಂದಳು, ಬಂದಿತು. ಇಲ್ಲಿಯೂ ಅರ್ಥವೊಂದನ್ನೇ ನಂಬಿದರೆ ಮೋಸಹೋಗುತ್ತೇವೆ. ‘ಮಗು’ ಮನುಷ್ಯಜೀವಿಯೇ, ಆದರೂ ‘ಒಂದು ಮಗು ಅಳುತ್ತಿದೆ’ ಎನ್ನುತ್ತೇವೆ. ಅದೇ ಪದದ ಬಹುವಚನಕ್ಕೆ ಬಂದಾಗ ‘ಇಬ್ಬರು ಮಕ್ಕಳು ಅಳುತ್ತಿದ್ದಾರೆ’. ಮಗುವಿನ ವರ್ಗ ಯಾವುದೆಂದು ತಿಳಿಯುವುದು ಅದರ ಹಿಂದಿನ ಸಂಖ್ಯಾಪದದಿಂದ, ಮುಂದಿನ ಕ್ರಿಯಾಪದದಿಂದ.

ಹೈದರಾಬಾದಿನ ಬೀದಿ ಈ ಮಾತನ್ನು ಇನ್ನಷ್ಟು ಖಚಿತಗೊಳಿಸುತ್ತದೆ. ತೆಲುಗು ನಮ್ಮ ಸೋದರಭಾಷೆಯಾದರೂ ಅದರ ಗೆರೆ ಅಲ್ಪ ಸರಿದಿದೆ. ಅಲ್ಲಿ ಏಕವಚನದಲ್ಲಿ ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದದ ಪ್ರತ್ಯಯ ಒಂದೇ: ‘ಆಮೆ ವಚ್ಚಿಂದಿ’, ‘ಅದಿ ವಚ್ಚಿಂದಿ’. ಬಹುವಚನಕ್ಕೆ ಬಂದರೆ ಗಂಡು ಹೆಣ್ಣು ಒಂದು ಕಡೆ, ಉಳಿದವು ಇನ್ನೊಂದು ಕಡೆ: ‘ವಾರು ವಚ್ಚಾರು’, ‘ಅವಿ ವಚ್ಚಾಯಿ’. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನವನ್ನು ಕಟ್ಟಿದ ಭದ್ರಿರಾಜು ಕೃಷ್ಣಮೂರ್ತಿಯವರು 2003ರ ‘ದ್ರಾವಿಡ ಭಾಷೆಗಳು’ ಎಂಬ ಕೃತಿಯಲ್ಲಿ ದ್ರಾವಿಡ ಭಾಷೆಗಳ ಈ ಲಿಂಗವ್ಯವಸ್ಥೆಗಳನ್ನು ವಿಸ್ತಾರವಾಗಿ ಹೋಲಿಸಿದ್ದಾರೆ. ದಖನಿಯಲ್ಲಿ ಮತ್ತೊಂದು ಬಗೆ: ಪ್ರತಿ ನಾಮಪದವೂ ಪುಲ್ಲಿಂಗ ಅಥವಾ ಸ್ತ್ರೀಲಿಂಗ, ಬಹುವಚನಕ್ಕೆ ‘ಲೋಗಾಂ’, ‘ಬಾತಾಂ’ ಎಂಬ ‘ಆಂ’ ಪ್ರತ್ಯಯ. ಒಂದೇ ಓಣಿಯ ಜನ ಒಂದೇ ವಸ್ತುವನ್ನು ಮೂರು ವ್ಯಾಕರಣಗಳಲ್ಲಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ, ವ್ಯಾಪಾರ ಮಾತ್ರ ಸುಸೂತ್ರವಾಗಿ ನಡೆಯುತ್ತದೆ.

6. ಎರವಲು ಪದಗಳ ಸಾಕ್ಷ್ಯ

ತಾಯ್ನುಡಿಯ ಗೆರೆ ಇಂಗ್ಲಿಷಿನ ಮೇಲೆ ಬೀಳುವ ಬಗೆಯನ್ನು ತಿಳಿಯಲು ಎರವಲು ಪದಗಳು ಒಳ್ಳೆಯ ಸಾಮಗ್ರಿ. ಕನ್ನಡದೊಳಗೆ ಬಂದ ಇಂಗ್ಲಿಷ್ ನಾಮಪದ ತನ್ನ ಹಳೆಯ ವರ್ಗವನ್ನು ಗಡಿಯಲ್ಲೇ ಬಿಟ್ಟು ಬರುತ್ತದೆ.

‘ಪೊಲೀಸ್’ ಇಂಗ್ಲಿಷಿನಲ್ಲಿ ಬಹುವಚನದ ಕ್ರಿಯಾಪದ ಬೇಡುವ ಗುಂಪಿನ ಹೆಸರು. ಒಬ್ಬನನ್ನು ಹೇಳಲು ಬೇರೆ ಪದ ಬೇಕು. ಕನ್ನಡದಲ್ಲಿ ‘ಒಬ್ಬ ಪೊಲೀಸ್’, ‘ಇಬ್ಬರು ಪೊಲೀಸರು’. ‘ಸ್ಟಾಫ್’ ಕೂಡ ಗುಂಪಿನ ಹೆಸರೇ. ನಮ್ಮ ಕಚೇರಿಗಳಲ್ಲಿ ‘ಇವತ್ತು ಇಬ್ಬರು ಸ್ಟಾಫ್ ಬಂದಿಲ್ಲ’ ಎನ್ನುತ್ತಾರೆ. ಸಂಖ್ಯಾಪದದ ಮನುಷ್ಯರೂಪ ಸೇರಿದ ಕೂಡಲೇ ಗುಂಪು ವ್ಯಕ್ತಿಯಾಗುತ್ತದೆ. ‘ಎರಡು ಲಗೇಜ್ ಇದೆ’, ‘ಒಂದು ನ್ಯೂಸ್ ಬಂತು’, ‘ನಾಲ್ಕು ಫರ್ನಿಚರ್ ತಗೊಂಡ್ವಿ’ ಇವೂ ಕನ್ನಡ ವಾಕ್ಯಗಳಾಗಿ ಪೂರ್ತಿ ಸರಿ. ಸುದ್ದಿ, ಸಲಹೆ, ಮಾಹಿತಿ, ಒಡವೆ ಇವೆಲ್ಲ ಕನ್ನಡದಲ್ಲಿ ಎಣಿಕೆಗೆ ಸಿಗುವ ಪದಗಳೇ ಆದ್ದರಿಂದ ಎರವಲು ಪದಗಳೂ ಅವುಗಳ ಹಾದಿಯನ್ನೇ ಹಿಡಿಯುತ್ತವೆ.

ಅದೇ ಭಾಷಿಕ ಇಂಗ್ಲಿಷಿನಲ್ಲಿ ಮಾತಾಡುವಾಗ ‘ಒನ್ ಸ್ಟಾಫ್ ಈಸ್ ಆನ್ ಲೀವ್’, ‘ಟೂ ಲಗೇಜಸ್’ ಎಂದರೆ ಅಲ್ಲಿ ಕೆಲಸ ಮಾಡುತ್ತಿರುವುದು ಈ ಕನ್ನಡದ ವರ್ಗ. ಪದ ಪರಿಚಿತವಾಗಿರುವುದೇ ತೊಂದರೆ. ಗೊತ್ತಿಲ್ಲದ ಪದವಾಗಿದ್ದರೆ ನಿಘಂಟು ತೆರೆಯುತ್ತಿದ್ದ. ದಿನವೂ ಕನ್ನಡದಲ್ಲಿ ಬಳಸುವ ಪದದ ಬಗ್ಗೆ ಅನುಮಾನವೇ ಏಳುವುದಿಲ್ಲ.

ಇದಕ್ಕೆ ಹೈದರಾಬಾದು ಒದಗಿಸುವ ಒಂದು ಸೊಗಸಾದ ಜೋಡಿಯಿದೆ: ‘ಬಿದ್ರಿವೇರ್’ ಮತ್ತು ‘ಸಾಫ್ಟ್‌ವೇರ್’. ಮೊದಲನೆಯದು ಬೀದರಿನ ಕುಶಲಕರ್ಮಿಗಳು ಸತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿ ಕುಸುರಿ ಹಾಕಿ ಮಾಡುವ ಸಾಮಾನು. ಎರಡನೆಯದು 1998ರಲ್ಲಿ ಉದ್ಘಾಟನೆಯಾದ ಹೈಟೆಕ್ ಸಿಟಿಯ ಸರಕು. ‘ವೇರ್’ ಎಂದು ಮುಗಿಯುವ ಇಂಥ ಸಮಾಸಗಳು ಇಂಗ್ಲಿಷಿನಲ್ಲಿ ರಾಶಿಪದಗಳು. ‘ಬಿದ್ರಿವೇರ್ಸ್’ ಎಂದು ಬರೆಯಲು ಕೈ ತಡೆಯುತ್ತದೆ, ‘ಸಾಫ್ಟ್‌ವೇರ್ಸ್’ ಮಾತ್ರ ಧಾರಾಳ. ಎರಡನೆಯದು ಕನ್ನಡಕ್ಕೂ ತೆಲುಗಿಗೂ ಒಗ್ಗಿಹೋಗಿ ‘ಎರಡು ಸಾಫ್ಟ್‌ವೇರ್ ಹಾಕಿದೆ’ ಎಂದು ಎಣಿಸಿಕೊಳ್ಳುತ್ತಿದೆ. ಮೊದಲನೆಯದನ್ನು ಬೀದರಿನವರು ಬಿದ್ರಿ ಎಂದೇ ಕರೆಯುವುದರಿಂದ ಇಂಗ್ಲಿಷಿನ ಪದ ಇಂಗ್ಲಿಷಿನದಾಗಿಯೇ ಉಳಿದಿದೆ. ರಚನೆ ಒಂದೇ ಆದರೂ ತಪ್ಪು ಒಂದರಲ್ಲೇ ಕಾಣಿಸಿಕೊಳ್ಳುವುದಕ್ಕೆ ಇದು ಒಪ್ಪಬಹುದಾದ ವಿವರಣೆ.

7. ಒಡನಾಡಿ ಪದಗಳ ಪರೀಕ್ಷೆ

ಹಾಗಾದರೆ ಇಂಗ್ಲಿಷ್ ನಾಮಪದವನ್ನು ಗುರುತಿಸುವ ದಾರಿ, ಕನ್ನಡದಲ್ಲಿ ಮಗುವಿನ ವರ್ಗವನ್ನು ಗುರುತಿಸಿದ ದಾರಿಯೇ. ಪದದ ಅಕ್ಕಪಕ್ಕ ಯಾರು ನಿಲ್ಲುತ್ತಾರೆ ಎಂದು ನೋಡಬೇಕು. ನಾಲ್ಕು ಪರೀಕ್ಷೆಗಳು ಸಾಕು. ಅವುಗಳ ಕ್ರಮವೂ ಮುಖ್ಯ.

ಮೊದಲನೆಯದು, ಏಕವಚನದ ಪದ ತನಗಿಂತ ಮೊದಲು ಏನೂ ಇಲ್ಲದೆ ವಾಕ್ಯದಲ್ಲಿ ನಿಲ್ಲಬಲ್ಲದೇ? ‘ವಾಟರ್ ಈಸ್ ಸ್ಕೇರ್ಸ್’ ಆಗುತ್ತದೆ, ‘ಗೋಲ್ಕೊಂಡ ಈಸ್ ಓಲ್ಡ್’ ಆಗುತ್ತದೆ, ‘ಬುಕ್ ಈಸ್ ಓಲ್ಡ್’ ಆಗುವುದಿಲ್ಲ. ನಿಲ್ಲಲಾರದ್ದು ಎಣಿಕೆಯ ಕಾಮನ್ ನೌನ್. ಈ ಒಂದೇ ಪರೀಕ್ಷೆಯಿಂದ ಹೆಚ್ಚಿನ ಪದಗಳು ಬೇರ್ಪಡುತ್ತವೆ.

ಎರಡನೆಯದು, ನಿಲ್ಲಬಲ್ಲ ಪದ ‘ಮಚ್’ ಎಂಬ ಪರಿಮಾಣವಾಚಕವನ್ನು ಒಪ್ಪುತ್ತದೆಯೇ? ‘ಮಚ್ ವಾಟರ್’, ‘ಮಚ್ ಅಡ್ವೈಸ್’, ‘ಮಚ್ ಜ್ಯುವೆಲರಿ’ ಸರಿ, ಅವು ರಾಶಿಪದಗಳು. ಮೆಟೀರಿಯಲ್ ಆಗಲಿ ಆಬ್‌ಸ್ಟ್ರ್ಯಾಕ್ಟ್ ಆಗಲಿ ಇಲ್ಲಿ ವ್ಯತ್ಯಾಸವಿಲ್ಲ. ‘ಗೋಲ್ಕೊಂಡ’ ಇದನ್ನು ಒಪ್ಪದು, ಅದು ಅಂಕಿತನಾಮ.

ಮೂರನೆಯದು, ಪದ ‘ಎ’ ಅಥವಾ ‘ಆ್ಯನ್’ ಹಾಗೂ ಬಹುವಚನದ ‘ಎಸ್’ ಎರಡನ್ನೂ ಒಪ್ಪಿದರೆ, ಒಪ್ಪಿದಾಗ ಅರ್ಥ ಬದಲಾಯಿತೇ? ‘ಗ್ಲಾಸ್’ ಗಾಜಾದದ್ದು ಲೋಟವಾಗುತ್ತದೆ. ‘ಡಿಫಿಕಲ್ಟಿ’ ಕಷ್ಟವೆಂಬ ಭಾವವಾದದ್ದು ಒಂದೊಂದು ತೊಡಕಾಗುತ್ತದೆ. ಇಂಥಲ್ಲಿ ಪದಕ್ಕೆ ಎರಡು ಬಳಕೆಗಳಿವೆ ಎಂದು ಬರೆದುಕೊಳ್ಳಬೇಕು; ಒಂದನ್ನೇ ಆರಿಸಬೇಕಿಲ್ಲ.

ನಾಲ್ಕನೆಯದು, ಗುಂಪಿನ ಹೆಸರುಗಳಿಗೆ ಮಾತ್ರ: ಏಕವಚನದ ರೂಪದ ಜೊತೆ ಬಹುವಚನದ ಕ್ರಿಯಾಪದ ಬರಬಲ್ಲದೇ? ‘ಕಮಿಟಿ’, ‘ಟೀಮ್’ ಪದಗಳು ಬ್ರಿಟಿಷ್ ಬಳಕೆಯಲ್ಲಿ ಎರಡನ್ನೂ ಒಪ್ಪುತ್ತವೆ. ಅಮೆರಿಕದವರು ಏಕವಚನದ ಕಡೆಗೆ ವಾಲುತ್ತಾರೆ. ಕಲೆಕ್ಟಿವ್ ಎಂಬ ಹೆಸರಿಗೆ ವ್ಯಾಕರಣದಲ್ಲಿ ಕೆಲಸವಿರುವುದು ಈ ಒಂದು ಕಡೆ. ‘ಸಮಿತಿ ತೀರ್ಮಾನಿಸಿತು’ ಎಂದು ನಪುಂಸಕ ಏಕವಚನದಲ್ಲಿ ನಿಲ್ಲುವ ಕನ್ನಡಕ್ಕೆ ಆ ಹೆಸರು ಬೇಕಾಗದಿರುವುದಕ್ಕೂ ಇದೇ ಕಾರಣವಿರಬಹುದು.

ಅಂಕಿತನಾಮಗಳ ಬಗ್ಗೆ ಒಂದು ಮಾತು ಸೇರಿಸಬೇಕು. ದೊಡ್ಡ ಅಕ್ಷರದಿಂದ ಆರಂಭವಾಗುವುದೆಲ್ಲ ಪ್ರಾಪರ್ ನೌನ್ ಎಂಬ ಸುಲಭಸೂತ್ರ ಇಲ್ಲಿ ಸಾಲದು. ‘ಉಸ್ಮಾನಿಯಾ ಯೂನಿವರ್ಸಿಟಿ’ ಎಂಬುದು ಒಟ್ಟಾಗಿ ಒಂದು ಸಂಸ್ಥೆಯ ಹೆಸರು. ಆದರೆ ಅದರೊಳಗಿನ ‘ಯೂನಿವರ್ಸಿಟಿ’ ಕಾಮನ್ ನೌನ್. ಕೇಂಬ್ರಿಜ್ ವ್ಯಾಕರಣ ಅಂಕಿತಪದ ಮತ್ತು ಅಂಕಿತವಾದ ಇಡೀ ಹೆಸರು ಎಂದು ಎರಡನ್ನು ಬೇರೆಯಾಗಿಸುವುದು ಇದಕ್ಕೇ. ‘ದ’ ಎಂಬ ಉಪಪದವೂ ರೂಢಿಯ ಪ್ರಕಾರ ನಡೆಯುತ್ತದೆ: ನದಿಯಾದ್ದರಿಂದ ‘ದ ಮೂಸಿ’, ಕೆರೆಯಾದ್ದರಿಂದ ಬರಿಯ ‘ಹುಸೇನ್ ಸಾಗರ್’, ಪ್ರಸ್ಥಭೂಮಿಯಾದ್ದರಿಂದ ‘ದ ಡೆಕ್ಕನ್’. ‘ನಿಜಾಮ್’ ಇನ್ನೂ ಕುತೂಹಲದ ಪದ. ‘ದ ನಿಜಾಮ್’ ಎಂದರೆ ಒಬ್ಬ ನಿರ್ದಿಷ್ಟ ದೊರೆ, ‘ಸೆವೆನ್ ನಿಜಾಮ್ಸ್’ ಎಂದರೆ ಎಣಿಕೆಗೆ ಸಿಕ್ಕ ಪದವಿ. ಇಂಥ ಪದಗಳಿಗೆ ಖಿತಾಬ್ ಎಂಬ ಪ್ರತ್ಯೇಕ ಜಾಗ ಕೊಟ್ಟ ಉರ್ದು ವ್ಯಾಕರಣ, ಇಂಗ್ಲಿಷ್ ಶಾಲಾಪಟ್ಟಿ ನುಣುಚಿಕೊಂಡ ಕಡೆ ನಿಂತು ನೋಡಿದೆ ಎನ್ನಬೇಕು.

8. ಮಿತಿಗಳು ಮತ್ತು ಸೂಚನೆ

ಇಷ್ಟನ್ನು ಕಲಿಸಿದರೆ ಮಾತು ಸರಾಗವಾಗುತ್ತದೆಯೇ? ಹಾಗೆಂದು ಹೇಳಲಾಗದು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ನಡೆಸಿದ ಬೆಂಗಳೂರು ಯೋಜನೆ ಎಂಬ ಇಂಗ್ಲಿಷ್ ಬೋಧನಾ ಪ್ರಯೋಗದ ನಿಲುವು ಈ ಟಿಪ್ಪಣಿಗೆ ಎದುರು ದಿಕ್ಕಿನದು. ಮನಸ್ಸು ಅರ್ಥದ ಕಡೆ, ಮಾಡಬೇಕಾದ ಕೆಲಸದ ಕಡೆ ಇರುವಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ, ನಿಯಮಗಳನ್ನು ಮುಂದಿಟ್ಟು ಕಲಿಸಬೇಕಿಲ್ಲ ಎಂಬುದು ಅವರ ವಾದ. 1987ರ ಅವರ ಪುಸ್ತಕದಲ್ಲಿ ಅದರ ವಿವರಗಳಿವೆ. ಮಾತಿನ ಮಟ್ಟಿಗೆ ಆ ವಾದದಲ್ಲಿ ಹುರುಳಿದೆ. ಇಲ್ಲಿ ಹೇಳಿದ ಪರೀಕ್ಷೆಗಳ ಕ್ಷೇತ್ರ ಬೇರೆ: ಬರೆದದ್ದನ್ನು ಮತ್ತೆ ಓದಿ ತಿದ್ದುವಾಗ, ಮತ್ತು ನಾಮಪದದ ಬಗೆ ಯಾವುದೆಂದು ಪರೀಕ್ಷೆಯೇ ಕೇಳುವಾಗ. ಬಗೆಗಳನ್ನು ಕಲಿಸಲೇಬೇಕೆಂದಾದರೆ ಪ್ರಯೋಗಕ್ಕೆ ಒದಗುವ ಬಗೆಗಳನ್ನು ಕಲಿಸಬೇಕು ಎಂಬಷ್ಟೇ ಇಲ್ಲಿನ ವಾದ.

ಇನ್ನೊಂದು ಮಿತಿ ‘ತಪ್ಪು’ ಎಂಬ ತೀರ್ಪಿನದು. ‘ಇನ್ಫರ್ಮೇಶನ್ಸ್’ ಹಿಂದಿನ ಇಂಗ್ಲಿಷಿನಲ್ಲಿ ಬಳಕೆಯಲ್ಲಿತ್ತು. ‘ಅಡ್ವೈಸಸ್’ ಎಂದರೆ ದೂರದಿಂದ ಬಂದ ವರ್ತಮಾನ ಎಂಬ ಅರ್ಥದಲ್ಲಿ ವ್ಯಾಪಾರದ ಪತ್ರಗಳಲ್ಲಿ ಓಡಾಡುತ್ತಿತ್ತು. ಗೆರೆ ಕಾಲಕ್ಕೆ ತಕ್ಕಂತೆ ಸರಿಯುತ್ತದೆ. ಭಾರತದ ಕಚೇರಿಗಳಲ್ಲಿ ‘ಒನ್ ಸ್ಟಾಫ್’ ಎಂಬುದು ಎಲ್ಲರಿಗೂ ಅರ್ಥವಾಗುವ ರೂಢಿಯಾಗಿರುವಾಗ ಅದನ್ನು ಕಲಿಕೆಯ ದೋಷವೆನ್ನಬೇಕೋ ಭಾರತೀಯ ಇಂಗ್ಲಿಷಿನ ಲಕ್ಷಣವೆನ್ನಬೇಕೋ ಎಂಬುದು ಚರ್ಚೆಗೆ ಬಿಟ್ಟ ವಿಷಯ. ಪರೀಕ್ಷೆ ಬರೆಯುವ ವಿದ್ಯಾರ್ಥಿಗೆ ಮಾತ್ರ ಎರಡೂ ರೂಢಿಗಳ ಅರಿವಿರಬೇಕು.

ಈ ಕೆಲಸಕ್ಕೆ ಬೇಕಾದ ಸಂಸ್ಥೆಗಳು ಹೈದರಾಬಾದಿನಲ್ಲೇ ಇವೆ. 1958ರಲ್ಲಿ ಇಂಗ್ಲಿಷ್ ಬೋಧನೆಗೆಂದೇ ಆರಂಭವಾದ ಕೇಂದ್ರ ಸಂಸ್ಥೆ 1972ರಲ್ಲಿ ವಿದೇಶಿ ಭಾಷೆಗಳನ್ನೂ ಸೇರಿಸಿಕೊಂಡು, 2007ರಿಂದ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾಗಿ ತಾರ್ನಾಕದ ಬಳಿ ನಡೆಯುತ್ತಿದೆ. ಉಸ್ಮಾನಿಯಾ ವಿಶ್ವವಿದ್ಯಾಲಯ ಅದರ ನೆರೆಯಲ್ಲೇ ಇದೆ. ಕಾಚಿಗುಡದಲ್ಲಿ ಕನ್ನಡಿಗರು ಕಟ್ಟಿದ ನೃಪತುಂಗ ಶಾಲೆಯಿದೆ. ಈ ಮೂರು ನೆಲೆಗಳ ನಡುವೆ ಒಂದು ಸಣ್ಣ ಅಧ್ಯಯನ ಸಾಧ್ಯ: ಕನ್ನಡ, ತೆಲುಗು, ಉರ್ದು ಮನೆಮಾತಿನ ವಿದ್ಯಾರ್ಥಿಗಳ ಇಂಗ್ಲಿಷ್ ಬರಹದಲ್ಲಿ ಎಣಿಕೆಯ ತಪ್ಪುಗಳನ್ನು ಪಟ್ಟಿ ಮಾಡಿ, ಅದೇ ಪದ ಅವರವರ ಮನೆಮಾತಿನಲ್ಲಿ ಎರವಲಾಗಿ ಬಳಕೆಯಲ್ಲಿದೆಯೇ ಎಂದು ಹೊಂದಿಸಿ ನೋಡುವುದು. ಎರವಲಾದ ಪದಗಳಲ್ಲೇ ತಪ್ಪು ಹೆಚ್ಚೆಂದು ಕಂಡುಬಂದರೆ ಆರನೆಯ ಭಾಗದ ಊಹೆಗೆ ಆಧಾರ ಸಿಕ್ಕಂತಾಗುತ್ತದೆ. ಎರವಲಾಗದ ಪದಗಳಲ್ಲೂ ಅಷ್ಟೇ ತಪ್ಪುಗಳಿದ್ದರೆ ಆ ಊಹೆಯನ್ನು ಬಿಟ್ಟು, ಕನ್ನಡದ ಸಮಾನಪದಗಳು ಎಣಿಕೆಗೆ ಸಿಗುವುದೇ ಕಾರಣವೆಂದು ಮತ್ತೆ ಹುಡುಕಬೇಕಾಗುತ್ತದೆ. ಅಲ್ಲಿಯವರೆಗೆ ಶಿಕ್ಷಕರು ಮಾಡಬಹುದಾದ ಒಂದು ಬದಲಾವಣೆಯಿದೆ: ಪ್ರಶ್ನೆಪತ್ರಿಕೆಯಲ್ಲಿ ಅಡಿಗೆರೆ ಎಳೆದ ಪದದ ಬಗೆಯನ್ನು ಕೇಳಿದ ಮೇಲೆ, ಅದೇ ವಾಕ್ಯದ ಯಾವ ಪದ ಆ ಬಗೆಯನ್ನು ತೋರಿಸಿಕೊಟ್ಟಿತು ಎಂಬ ಎರಡನೆಯ ಪ್ರಶ್ನೆಯನ್ನೂ ಕೇಳುವುದು.